ಹಳದಿ ಉಂಗುರದ ಹುಂಜ: ಶುದ್ಧ ನೀಲಿ ಮೊಟ್ಟೆಯ ತಳಿಯನ್ನು ಹುಡುಕಿದ ಮೂರು ವರ್ಷದ ದಾಖಲೆ

2022ರ ಆಗಸ್ಟ್ ತಿಂಗಳಲ್ಲಿ, ನೀಲಿ ಮೊಟ್ಟೆಯಿಡುವ ಶುದ್ಧ ಅರೌಕಾನ ಕೋಳಿ ತಳಿ ಎಂಬ ಮಾರಾಟಗಾರರೊಬ್ಬರ ಮಾತನ್ನು ನಂಬಿ ಐದು ಮರಿಗಳನ್ನು ದಾವಣಗೆರೆಗೆ ತರಿಸಿಕೊಂಡೆ. ಒಂದು ಮರಿಗೆ ಕೊಟ್ಟ ಹಣದಲ್ಲಿ ನಮ್ಮ ಸಂತೆಯಲ್ಲಿ ಚೆನ್ನಾಗಿ ಬೆಳೆದ ನಾಟಿ ಹುಂಜವೇ ಸಿಗುತ್ತಿತ್ತು. ಏಳು ತಿಂಗಳು ಸಾಕಿದ ಮೇಲೆ ಅವುಗಳಲ್ಲಿ ಮೂರು ಹೇಂಟೆಗಳೆಂದು ತಿಳಿಯಿತು. ಎರಡು ಹಸಿರು ಛಾಯೆಯ ಮೊಟ್ಟೆಯಿಟ್ಟವು. ಮೂರನೆಯದು ಯಾವ ನಾಟಿ ಕೋಳಿಯೂ ಇಡುವಂಥ ಕೆನೆಬಣ್ಣದ ಮೊಟ್ಟೆಯನ್ನು ಇಟ್ಟಿತು. ಒಂದರ ಜುಟ್ಟು ಗರಗಸದ ಹಲ್ಲಿನಂತೆ ನೆಟ್ಟಗಿತ್ತು, ಇನ್ನೆರಡರದು ಗಂಟುಗಂಟಾಗಿ ತಲೆಗೆ ಅಂಟಿಕೊಂಡಿತ್ತು. ನಾನು ಕೊಂಡದ್ದು ತಳಿಯನ್ನಲ್ಲ, ಬೆರಕೆಯನ್ನು ಎಂಬುದು ಅಂದು ಖಚಿತವಾಯಿತು. ಮುಂದಿನ ಮೂರು ವರ್ಷ, ಹದಡಿಯ ಕಡೆ ಇರುವ ನಮ್ಮ ಮನೆಯ ಹಿತ್ತಲಿನಲ್ಲಿ, ಶುದ್ಧ ತಳಿಯನ್ನು ತಂದು ಬೆಳೆಸಿ ಅದು ಶುದ್ಧವೇ ಎಂದು ಪರೀಕ್ಷಿಸಿದ ವಿವರವನ್ನು ನೋಟ್‌ಬುಕ್ಕಿನಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಣ್ಣದ ವಿಷಯ. ಕಂದು ಮೊಟ್ಟೆಯ ಬಣ್ಣವು ಚಿಪ್ಪು ಸಿದ್ಧವಾಗುವ ಕೊನೆಯ ಗಂಟೆಗಳಲ್ಲಿ ಹೊರಮೈಗೆ ಲೇಪನದಂತೆ ಕೂರುತ್ತದೆ. ನೀಲಿ ಬಣ್ಣ ಹಾಗಲ್ಲ. ಬಿಲಿವರ್ಡಿನ್ ಎಂಬ ವರ್ಣದ್ರವ್ಯವು ಚಿಪ್ಪಿನ ದಪ್ಪಕ್ಕೆಲ್ಲ ಬೆರೆತುಕೊಳ್ಳುವುದರಿಂದ ಚಿಪ್ಪು ಹೊರಗೂ ಒಳಗೂ ನೀಲಿಯಾಗಿಯೇ ಇರುತ್ತದೆ. ಹಸಿರು ಮೊಟ್ಟೆಯೆಂದರೆ ನೀಲಿ ಚಿಪ್ಪಿನ ಮೇಲೆ ಕಂದು ಲೇಪನ ಕೂತದ್ದು, ಅಷ್ಟೆ. ಆದ್ದರಿಂದ ಅನುಮಾನ ಬಂದ ಮೊಟ್ಟೆಯನ್ನು ಒಡೆದು, ಅರ್ಧ ಚಿಪ್ಪನ್ನು ನಲ್ಲಿಯ ನೀರಿನ ಕೆಳಗೆ ಹಿಡಿದು, ಒಳಗಿನ ಬಿಳಿ ಪೊರೆಯನ್ನು ಉಗುರಿನಿಂದ ಅಂಚಿನಲ್ಲಿ ಎಬ್ಬಿಸಿ ನಿಧಾನವಾಗಿ ಸುಲಿಯಬೇಕು. ಪೊರೆ ಪೂರ್ತಿ ಬಿಡಿಸಿಕೊಂಡ ಮೇಲೆ ಒಳಮೈ ತಿಳಿನೀಲಿಯಾಗಿದ್ದರೆ ನೀಲಿಯ ವಂಶವಾಹಿ ಇದೆ, ಬೆಳ್ಳಗಿದ್ದರೆ ಇಲ್ಲ. ಪೊರೆ ಸುಲಿಯದೆ ನೋಡಿದರೆ ಎಲ್ಲ ಚಿಪ್ಪೂ ಬೆಳ್ಳಗೇ ಕಾಣುತ್ತದೆ. ನಾನು ಮೊದಲ ಎರಡು ವಾರ ಈ ತಪ್ಪನ್ನೇ ಮಾಡಿದ್ದೆ. ನನ್ನ ಎರಡು ಹಸಿರು ಮೊಟ್ಟೆಗಳ ಒಳಮೈ ನೀಲಿಯಾಗಿತ್ತು. ಅಂದರೆ ಆ ಹೇಂಟೆಗಳಲ್ಲಿ ನೀಲಿಯ ಗುಣ ಇತ್ತು, ತಳಿ ಮಾತ್ರ ಇರಲಿಲ್ಲ.

ಈ ವ್ಯತ್ಯಾಸವೇ ಇಡೀ ಕೆಲಸದ ಬುಡ. ನೀಲಿ ಮೊಟ್ಟೆ ಒಂದು ವಂಶವಾಹಿಯ ಗುರುತೇ ಹೊರತು ತಳಿಯ ಗುರುತಲ್ಲ. ಆ ವಂಶವಾಹಿ ಪ್ರಬಲವಾದದ್ದು ಎಂಬುದನ್ನು ಇಂಗ್ಲೆಂಡಿನ ತಳಿವಿಜ್ಞಾನಿ ಪನೆಟ್ 1933ರಲ್ಲೇ ತೋರಿಸಿದ್ದರು; ಕೋಳಿಯ ಒಂದನೆಯ ವರ್ಣತಂತುವಿನಲ್ಲಿ ಬಹಳ ಹಿಂದೆ ಸೇರಿಕೊಂಡ ವೈರಸ್ಸಿನ ತುಣುಕೊಂದು ಇದಕ್ಕೆ ಕಾರಣ ಎಂಬುದು 2013ರಲ್ಲಿ ಗೊತ್ತಾಯಿತು. ತಂದೆಯಿಂದಲೋ ತಾಯಿಯಿಂದಲೋ ಒಂದೇ ಪ್ರತಿ ಬಂದಿದ್ದರೂ ಮೊಟ್ಟೆ ನೀಲಿ ಅಥವಾ ಹಸಿರಾಗುತ್ತದೆ. ಹಾಗಾಗಿ ಅರ್ಧ ಬೆರಕೆಯ ಹೇಂಟೆಯೂ ಬಣ್ಣದ ಮೊಟ್ಟೆ ಇಟ್ಟು ತೋರಿಸುತ್ತದೆ, ಮಾರುವವರು ಅದನ್ನೇ ಸಾಕ್ಷಿಯಾಗಿ ಮುಂದಿಡುತ್ತಾರೆ. ಹುಂಜವಂತೂ ಮೊಟ್ಟೆಯನ್ನೇ ಇಡುವುದಿಲ್ಲ. ಅದರೊಳಗೆ ಎರಡು ಪ್ರತಿ ಇವೆಯೋ, ಒಂದೋ, ಒಂದೂ ಇಲ್ಲವೋ ಎಂದು ಅದರ ಮಕ್ಕಳಿಂದಲೇ ತಿಳಿಯಬೇಕು.

ತಳಿಗಳಲ್ಲಿ ಅರೌಕಾನವನ್ನು ಬಿಟ್ಟು ಅಮೆರೌಕಾನವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಚಿಲಿ ದೇಶದ ಮಪೂಚೆ ಜನರ ಕೋಳಿಗಳಿಂದ ಬಂದ ಅರೌಕಾನಕ್ಕೆ ಅಮೆರಿಕದ ಮಾನದಂಡದಲ್ಲಿ ಬಾಲವಿರುವುದಿಲ್ಲ, ಕಿವಿಯ ಬಳಿ ಗರಿಯ ಗುಚ್ಛವಿರಬೇಕು. ಆ ಗುಚ್ಛದ ವಂಶವಾಹಿ ಎರಡು ಪ್ರತಿಯಲ್ಲಿ ಬಂದ ಮರಿ ಮೊಟ್ಟೆಯೊಳಗೇ ಸಾಯುತ್ತದೆ, ಬಾಲವಿಲ್ಲದ್ದರಿಂದ ಫಲವಂತಿಕೆಯೂ ಕುಗ್ಗುತ್ತದೆ. ಹಿತ್ತಲಿನಲ್ಲಿ ಹತ್ತಿಪ್ಪತ್ತು ಮೊಟ್ಟೆ ಇಟ್ಟು ಕೆಲಸ ಮಾಡುವವನಿಗೆ ಇದು ಹೊರಲಾರದ ನಷ್ಟ. ಅದೇ ಮೂಲದಿಂದ ಅಮೆರಿಕದಲ್ಲಿ ರೂಪುಗೊಂಡು 1984ರಲ್ಲಿ ಅಲ್ಲಿನ ಪೌಲ್ಟ್ರಿ ಅಸೋಸಿಯೇಷನ್ ಒಪ್ಪಿಕೊಂಡ ಅಮೆರೌಕಾನಕ್ಕೆ ಬಾಲವೂ ಇದೆ, ಈ ಮಾರಕ ಗುಣವೂ ಇಲ್ಲ. ಅದರ ಲಕ್ಷಣಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟೆ: ಮೂರು ಸಾಲು ಗಂಟಿನ ಬಟಾಣಿ ಜುಟ್ಟು, ಎರಡೂ ಕೆನ್ನೆಗೆ ಉಬ್ಬಿದ ಗರಿ ಮತ್ತು ಕೆಳಗೆ ಗಡ್ಡ, ಸಣ್ಣ ಕೆಂಪು ಕಿವಿ, ಸ್ಲೇಟಿನ ಬಣ್ಣದ ಕಾಲು, ಬಿಳಿ ಚರ್ಮ, ಬಿಳಿ ಅಂಗಾಲು, ತೂಕ ಹುಂಜಕ್ಕೆ ಸುಮಾರು 3 ಕೆ.ಜಿ., ಹೇಂಟೆಗೆ 2.5 ಕೆ.ಜಿ. ಕಾಲಿನಲ್ಲಿ ಹಳದಿಯೋ ಹಸಿರೋ ಕಂಡರೆ ಬೆರಕೆಯೆಂದೇ ಲೆಕ್ಕ.

2023ರ ಡಿಸೆಂಬರ್ ನಡುವಿನಲ್ಲಿ ಕೊಯಮತ್ತೂರಿನ ಕಡೆಯ ಹವ್ಯಾಸಿಯೊಬ್ಬರಿಂದ 24 ಮೊಟ್ಟೆಗಳು ರಾತ್ರಿ ಬಸ್ಸಿನಲ್ಲಿ ಬಂದವು. ಭತ್ತದ ಹೊಟ್ಟು ತುಂಬಿದ ಡಬ್ಬಿಯಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಕಾಗದದಲ್ಲಿ ಸುತ್ತಿದ್ದರೂ ಮೂರು ಬಿರುಕು ಬಿಟ್ಟಿದ್ದವು. ಉಳಿದ 21ನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಅಲುಗಾಡಿಸದೆ ಇಟ್ಟೆ. ಪ್ರಯಾಣದಲ್ಲಿ ಕುಲುಕಿದ ಗಾಳಿಕೋಶ ತನ್ನ ಜಾಗಕ್ಕೆ ಕೂರಲು ಅಷ್ಟು ಬಿಡುವು ಬೇಕೇಬೇಕು.

ಕಾವುಪೆಟ್ಟಿಗೆಯನ್ನು ನಾನೇ ಕಟ್ಟಿದೆ. ಮೀನಿನ ಅಂಗಡಿಯಿಂದ ತಂದ ದಪ್ಪ ಥರ್ಮಾಕೋಲ್ ಪೆಟ್ಟಿಗೆಯನ್ನು ಸೋಡಾ ಹಾಕಿ ತೊಳೆದು ಎರಡು ದಿನ ಬಿಸಿಲಿಗಿಟ್ಟೆ. ಒಳಗೆ 40 ವ್ಯಾಟಿನ ಎರಡು ಬಲ್ಬು, ಹಳೆಯ ಕಂಪ್ಯೂಟರಿನ 12 ವೋಲ್ಟಿನ ಫ್ಯಾನು, ಬಲ್ಬನ್ನು ಹಚ್ಚಿ ಆರಿಸಲು ಒಂದು ಡಿಜಿಟಲ್ ಥರ್ಮೋಸ್ಟಾಟ್, ಕೆಳಗೆ ನೀರಿನ ಎರಡು ತಟ್ಟೆ, ಮೇಲೆ ಸೊಳ್ಳೆಜಾಲರಿಯ ಚೌಕಟ್ಟು. ಒಂದು ಬಲ್ಬು ಸುಟ್ಟರೂ ಇನ್ನೊಂದು ಕೆಲಸ ಮಾಡಲೆಂದೇ ಎರಡನ್ನು ಹಾಕಿದ್ದು. ಥರ್ಮೋಸ್ಟಾಟಿನ ಸಂವೇದಿಯನ್ನು ಮೊಟ್ಟೆಯ ಎತ್ತರಕ್ಕೆ ತೂಗುಹಾಕಿ, ಅದರ ಪಕ್ಕ ಜ್ವರ ನೋಡುವ ಥರ್ಮಾಮೀಟರ್ ಇಟ್ಟು ಹೋಲಿಸಿದೆ. ಮರಿಗೆ ಬೇಕಾದ 37.5 ಡಿಗ್ರಿ ಜ್ವರದ ಥರ್ಮಾಮೀಟರಿನ ಅಳತೆಯೊಳಗೇ ಬರುವುದರಿಂದ ಇದಕ್ಕಿಂತ ಅಗ್ಗದ, ನಂಬಬಹುದಾದ ಪರೀಕ್ಷೆ ಇನ್ನೊಂದಿಲ್ಲ. ನನ್ನ ಥರ್ಮೋಸ್ಟಾಟ್ 0.6 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ತೇವಮಾಪಕವನ್ನೂ ಪರೀಕ್ಷಿಸಬೇಕು: ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಕೆಲವು ಹನಿ ನೀರು ಬೆರೆಸಿ ಗಟ್ಟಿ ಕೆಸರಿನಂತೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ ಡಬ್ಬಿಯೊಳಗಿನ ತೇವ ಶೇ. 75ಕ್ಕೆ ನಿಲ್ಲುತ್ತದೆ. ನನ್ನದು 68 ತೋರಿಸಿತು. ಅಂದಿನಿಂದ ಅದು ತೋರಿಸುವ ಅಂಕಿಗೆ 7 ಕೂಡಿಸಿ ಓದಿದೆ.

ಡಿಸೆಂಬರ್ 20ಕ್ಕೆ ಮೊಟ್ಟೆ ಇಟ್ಟೆ. ಒಂದು ಮಗ್ಗುಲಿಗೆ ಗುಣಾಕಾರದ, ಇನ್ನೊಂದಕ್ಕೆ ಸೊನ್ನೆಯ ಗುರುತನ್ನು ಪೆನ್ಸಿಲಿನಿಂದ ಹಾಕಿ ದಿನಕ್ಕೆ ಐದು ಸಲ ತಿರುಗಿಸಿದೆ. ಸ್ಕೆಚ್ ಪೆನ್ನಿನ ಶಾಯಿ ಚಿಪ್ಪಿನ ರಂಧ್ರಗಳಲ್ಲಿ ಇಳಿಯಬಹುದಾದ್ದರಿಂದ ಪೆನ್ಸಿಲೇ ಒಳ್ಳೆಯದು. ಏಳನೆಯ ರಾತ್ರಿ ದೀಪಕ್ಕೆ ಹಿಡಿದಾಗ ನಾಟಿ ಮೊಟ್ಟೆಯಲ್ಲಿ ಕಾಣುವಂತೆ ಜೇಡರ ಬಲೆಯ ನರಗಳು ಕಾಣಲೇ ಇಲ್ಲ. ನೀಲಿ ಚಿಪ್ಪು ಬೆಳಕನ್ನು ನುಂಗಿಬಿಡುತ್ತದೆ. ಸೈಕಲ್ ಟ್ಯೂಬಿನ ತುಂಡನ್ನು ಪ್ರಖರವಾದ ಎಲ್‌ಇಡಿ ಟಾರ್ಚಿನ ಬಾಯಿಗೆ ತೊಡಿಸಿ, ಬೆಳಕು ಪಕ್ಕಕ್ಕೆ ಸೋರದಂತೆ ಮೊಟ್ಟೆಯ ದಪ್ಪ ತುದಿಗೆ ಒತ್ತಿ, ಕೋಣೆಯನ್ನು ಪೂರ್ತಿ ಕತ್ತಲು ಮಾಡಿ ಹತ್ತನೆಯ ರಾತ್ರಿ ಮತ್ತೆ ನೋಡಿದ ಮೇಲೆಯೇ ತೀರ್ಮಾನಕ್ಕೆ ಬಂದೆ. ಐದು ಖಾಲಿ, ಎರಡು ಸತ್ತವು, ಹದಿನಾಲ್ಕು ಜೀವಂತ. ಹನ್ನೆರಡನೆಯ ದಿನ ಸಂಜೆ ಕರೆಂಟು ಐದು ತಾಸು ಹೋಯಿತು. ಬಿಸಿನೀರು ತುಂಬಿದ ಬಾಟಲಿಗಳನ್ನು ಟವೆಲ್ಲಿನಲ್ಲಿ ಸುತ್ತಿ ಪೆಟ್ಟಿಗೆಯ ಮೂಲೆಗಳಿಗೆ ಇಟ್ಟು ಮೇಲೆ ಕಂಬಳಿ ಹೊದಿಸಿದೆ. ಉಷ್ಣಾಂಶ 34 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ.

ತೇವ ಸರಿಯಿದೆಯೇ ಎಂಬುದನ್ನು ಮಾಪಕಕ್ಕಿಂತ ತೂಕ ಚೆನ್ನಾಗಿ ಹೇಳುತ್ತದೆ. ಹದಿನೆಂಟನೆಯ ದಿನದ ಹೊತ್ತಿಗೆ ಮೊಟ್ಟೆ ತನ್ನ ತೂಕದ ಶೇ. 12ರಷ್ಟನ್ನು ಕಳೆದುಕೊಂಡಿರಬೇಕು. ಅಡುಗೆ ತಕ್ಕಡಿಯಲ್ಲಿ 55 ಗ್ರಾಂ ಇದ್ದದ್ದು 48ಕ್ಕೆ ಬಂದಿತ್ತು. ಅಂದಿನಿಂದ ತಿರುಗಿಸುವುದನ್ನು ನಿಲ್ಲಿಸಿ, ಒದ್ದೆ ಸ್ಪಂಜು ಇಟ್ಟು ತೇವವನ್ನು ಶೇ. 68ಕ್ಕೆ ಏರಿಸಿದೆ. ಜನವರಿ 10ರಂದು ಬೆಳಗಿನಿಂದ ರಾತ್ರಿಯವರೆಗೆ ಹನ್ನೊಂದು ಮರಿಗಳು ಹೊರಬಂದವು.

ಮರಿ ಸಾಕಣೆಯಲ್ಲಿ ನಾಟಿ ಮರಿಗಿಂತ ಬೇರೆ ಮಾಡಿದ್ದೇನೂ ಇಲ್ಲ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಕೆ. ಕೆಳಗೆ ರೈಸ್ ಮಿಲ್ಲಿನ ಹೊಟ್ಟು, ಅದರ ಮೇಲೆ ಮೂರು ದಿನ ಕಾಗದ. ಕೊಕ್ಕರೆ ರೋಗಕ್ಕೆ ಏಳನೆಯ ದಿನ ಲಸೋಟಾ ಲಸಿಕೆ, ಹದಿನಾಲ್ಕನೆಯ ದಿನ ಗುಂಬೊರೊ ರೋಗದ ಲಸಿಕೆ, ನಾಲ್ಕನೆಯ ವಾರ ಮತ್ತೆ ಲಸೋಟಾ, ಎಂಟನೆಯ ವಾರ ಕೊಕ್ಕರೆ ರೋಗದ್ದೇ ಇನ್ನೊಂದು ಲಸಿಕೆ ಆರ್‌2ಬಿ. ಮೆಕ್ಕೆಜೋಳ ನಮ್ಮ ಜಿಲ್ಲೆಯಲ್ಲಿ ಯಥೇಚ್ಛವಾಗಿ ಸಿಗುತ್ತದೆಂದು ಹಸಿ ಆರದ ಕಾಳನ್ನು ಹಾಕಬಾರದು. ಬೂಷ್ಟು ಹಿಡಿದ ಜೋಳದ ವಿಷ ಮರಿಯ ಯಕೃತ್ತನ್ನು ಹಾಳುಮಾಡುತ್ತದೆ. ಮೂರನೆಯ ದಿನ ಒಂದು ಮರಿ ಸತ್ತಿತು, ಹತ್ತು ಉಳಿದವು.

ಗುರುತಿಸುವ ಕೆಲಸ ಮರಿ ಒಣಗಿದ ದಿನವೇ ಆರಂಭವಾಗುತ್ತದೆ. ಮರಿಯನ್ನು ಅಂಗೈಯಲ್ಲಿ ಹಿಡಿದು ಕೊಕ್ಕಿನ ಬುಡವನ್ನು ಓರೆ ಬೆಳಕಿನಲ್ಲಿ ನೋಡಿದರೆ, ಒಂಟಿ ಜುಟ್ಟಿನ ಮರಿಯಲ್ಲಿ ತೆಳ್ಳಗಿನ ಒಂದೇ ಏಣು ನೆಟ್ಟಗೆ ಕಾಣುತ್ತದೆ; ಬಟಾಣಿ ಜುಟ್ಟಿನ ಮರಿಯಲ್ಲಿ ರಾಗಿ ಕಾಳನ್ನು ಒತ್ತಿಟ್ಟಂತೆ ಅಗಲವಾದ ಚಪ್ಪಟೆ ಗುರುತು, ಬೆರಳಿನಿಂದ ಸವರಿದರೆ ಮೂರು ಸಾಲು ಕೈಗೆ ಸಿಗುತ್ತವೆ. ಕೆನ್ನೆಯ ತುಪ್ಪಳು ಉಬ್ಬಿದೆಯೇ ಎಂಬುದೂ ಅಂದೇ ಗೊತ್ತಾಗುತ್ತದೆ. ಹತ್ತು ಮರಿಗಳಲ್ಲಿ ಒಂಬತ್ತಕ್ಕೆ ಬಟಾಣಿ ಜುಟ್ಟಿತ್ತು, ಒಂದಕ್ಕೆ ಒಂಟಿ ಜುಟ್ಟಿತ್ತು.

ಆ ಒಂದು ಮರಿ ನನ್ನನ್ನು ರಾತ್ರಿಯೆಲ್ಲ ಯೋಚನೆಗೆ ಹಚ್ಚಿತು. ಒಂಟಿ ಜುಟ್ಟು ದುರ್ಬಲ ಗುಣ. ಮರಿಗೆ ಅದು ಕಾಣಬೇಕಾದರೆ ತಂದೆ ಮತ್ತು ತಾಯಿ ಇಬ್ಬರಿಂದಲೂ ಬರಬೇಕು. ಅಂದರೆ ಕೊಟ್ಟವರ ಗುಂಪಿನಲ್ಲಿ ಕಡೆಯಪಕ್ಷ ಒಂದು ಹುಂಜ, ಒಂದು ಹೇಂಟೆ ಒಳಗೊಳಗೇ ಬೆರಕೆಯನ್ನು ಹೊತ್ತಿವೆ, ನೋಡಲು ಮಾತ್ರ ಶುದ್ಧ. ಜುಟ್ಟಿನ ವಂಶವಾಹಿಯೂ ನೀಲಿಯ ವಂಶವಾಹಿಯೂ ಒಂದೇ ವರ್ಣತಂತುವಿನಲ್ಲಿ ತೀರ ಹತ್ತಿರ ಕೂತಿರುವುದರಿಂದ ಬಟಾಣಿ ಜುಟ್ಟು ಹೋದ ಕಡೆಗೇ ಬಹುಪಾಲು ನೀಲಿಯೂ ಹೋಗುತ್ತದೆ; ಒಂಟಿ ಜುಟ್ಟು ನುಸುಳಿದ ಕಡೆ ನೀಲಿ ಇಲ್ಲದ ಪ್ರತಿಯೂ ನುಸುಳಿರುವ ಸಾಧ್ಯತೆಯೇ ಹೆಚ್ಚು. ಉಳಿದ ಒಂಬತ್ತನ್ನೂ ಹಾಗಾಗಿ ಅನುಮಾನಿಸಲೇಬೇಕಾಯಿತು. (ಕ್ರೀಂ ಲೆಗ್‌ಬಾರ್ ಎಂಬ ನೀಲಿ ಮೊಟ್ಟೆಯ ತಳಿಗೆ ಈ ಲೆಕ್ಕ ಹೊಂದುವುದಿಲ್ಲ, ಕೇಂಬ್ರಿಡ್ಜ್‌ನಲ್ಲಿ ರೂಪಿಸಿದ ಆ ತಳಿಯಲ್ಲಿ ಒಂಟಿ ಜುಟ್ಟಿನ ಜೊತೆಗೇ ನೀಲಿ ಇದೆ.)

ಎಂಟನೆಯ ವಾರದ ಹೊತ್ತಿಗೆ ಒಂದು ಮರಿಯ ಕೆನ್ನೆ ಬೋಳಾಗಿಯೇ ಉಳಿಯಿತು, ಇನ್ನೊಂದರ ಕಾಲಿನಲ್ಲಿ ಹಸಿರು ಕಾಣಿಸಿತು. ಎರಡನ್ನೂ ಒಂಟಿ ಜುಟ್ಟಿನದರ ಜೊತೆ ಬೇರೆ ಮಾಡಿದೆ. ಕಾಲಿನ ಬಣ್ಣವನ್ನು ಎಂಟು ವಾರಕ್ಕೆ ಮೊದಲು ನಿರ್ಧರಿಸದಿರುವುದೇ ಲೇಸು. ಉಳಿದ ಏಳರಲ್ಲಿ ನಾಲ್ಕು ಹೇಂಟೆ, ಮೂರು ಹುಂಜ. ಬೆರಳು ವಕ್ರವಾಗಿದ್ದ ಒಂದು ಹುಂಜವನ್ನು ಕೈಬಿಟ್ಟು, ಇನ್ನೆರಡರ ಕಾಲಿಗೆ ಕೆಂಪು ಮತ್ತು ಹಳದಿ ಉಂಗುರ ಹಾಕಿದೆ. ಕಣ್ಣಿಗೆ ಎರಡರಲ್ಲೂ ಒಂದೂ ಕೊರತೆ ಕಾಣುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಕೆಂಪು ಉಂಗುರದ್ದೇ ಹೆಚ್ಚು ಚೆಲುವಾದ ಹುಂಜ, ಗಡ್ಡ ತುಂಬಿಕೊಂಡು ನಿಂತರೆ ನೋಡುತ್ತಲೇ ಇರಬೇಕೆನಿಸುತ್ತಿತ್ತು.

ಆಗಸ್ಟ್ 3ರಂದು ಮೊದಲ ಮೊಟ್ಟೆ ಬಂತು. ಹೇಂಟೆಗಳ ಮೊಟ್ಟೆ ಬೇರೆಬೇರೆ ಗುರುತಿಸಲು ಟೊಮೆಟೊ ಕ್ರೇಟುಗಳಿಗೆ ಹಿಂದಕ್ಕೆ ಬೀಳುವ ಹಲಗೆಯ ಬಾಗಿಲು ಕಟ್ಟಿದ್ದೆ. ಒಳಹೋದ ಹೇಂಟೆ ನಾನು ತೆಗೆಯುವವರೆಗೂ ಅಲ್ಲಿಯೇ ಇರಬೇಕು. ಬಣ್ಣವನ್ನು ನೆನಪಿನಿಂದ ಹೋಲಿಸುವುದು ಸಾಧ್ಯವಿಲ್ಲವೆಂದು ಬಣ್ಣದಂಗಡಿಯ ಬಣ್ಣಪಟ್ಟಿಯೊಂದನ್ನು ತಂದು, ಬೆಳಿಗ್ಗೆ ಹತ್ತರ ಹೊತ್ತಿಗೆ ಉತ್ತರದ ಜಗುಲಿಯ ನೆರಳಿನಲ್ಲಿ ಮೊಟ್ಟೆಯನ್ನು ಪಕ್ಕಕ್ಕಿಟ್ಟು ಪಟ್ಟಿಯ ಸಂಖ್ಯೆಯನ್ನು ಬರೆದುಕೊಂಡೆ. ಇಡಲು ಆರಂಭಿಸಿದಾಗ ನೀಲಿ ಗಾಢವಾಗಿದ್ದು, ತಿಂಗಳುಗಳು ಕಳೆದಂತೆ ತಿಳಿಯಾಗುತ್ತದೆ, ಗರಿ ಉದುರಿಸಿ ವಿಶ್ರಾಂತಿ ಪಡೆದ ಮೇಲೆ ಮತ್ತೆ ಏರುತ್ತದೆ. ಆದ್ದರಿಂದ ಎರಡು ಹೇಂಟೆಗಳನ್ನು ಹೋಲಿಸುವಾಗ ಮೊದಲ ಹತ್ತು ಮೊಟ್ಟೆಗಳನ್ನೇ ಹೋಲಿಸಬೇಕು.

ಪರೀಕ್ಷಾ ಜೋಡಿಗೆ ಆರು ನಾಟಿ ಹೇಂಟೆಗಳು ಬೇಕಿದ್ದವು. ನಮ್ಮ ದೊಡ್ಡಮ್ಮನ ಮನೆಯಿಂದ ತಂದೆ. ನೀಲಿ ಮೊಟ್ಟೆಯನ್ನು ಕೈಯಲ್ಲಿ ಹಿಡಿದು ಅವರು, “ಏನಪ್ಪಾ, ಬಣ್ಣ ಹಚ್ಚಿದ್ದಲ್ಲ ತಾನೆ?” ಎಂದು ಸೆರಗಿನಿಂದ ಉಜ್ಜಿ ನೋಡಿದರು. “ಇಲ್ಲ ದೊಡ್ಡಮ್ಮ, ಒಳಗೂ ಹೀಗೇ ಇರ್ತದೆ” ಎಂದು ಚಿಪ್ಪಿನ ಒಳಮೈ ತೋರಿಸಿದ ಮೇಲೆಯೇ ನಂಬಿದರು. ಹೇಂಟೆಯ ಹೊಟ್ಟೆಯಲ್ಲಿ ಹಳೆಯ ಹುಂಜದ ವೀರ್ಯ ಎರಡು ವಾರಕ್ಕೂ ಹೆಚ್ಚು ಉಳಿಯಬಲ್ಲದು. ಆದ್ದರಿಂದ ಆರನ್ನೂ ಮೂರು ವಾರ ಒಂಟಿಯಾಗಿಟ್ಟು, ಆಮೇಲೆ ಒಂದೊಂದು ಹುಂಜಕ್ಕೆ ಮೂರರಂತೆ ಬಿಟ್ಟೆ.

ಲೆಕ್ಕ ಸರಳವಾಗಿದೆ. ಹುಂಜದಲ್ಲಿ ನೀಲಿಯ ಎರಡು ಪ್ರತಿ ಇದ್ದರೆ ನಾಟಿ ಹೇಂಟೆಯಲ್ಲಿ ಹುಟ್ಟಿದ ಹೆಣ್ಣುಮರಿಗಳೆಲ್ಲ ಬಣ್ಣದ ಮೊಟ್ಟೆಯಿಡುತ್ತವೆ. ಒಂದೇ ಇದ್ದರೆ ಅರ್ಧ ಮಾತ್ರ. ಒಂದೇ ಪ್ರತಿಯ ಹುಂಜದ ಆರು ಹೆಣ್ಣುಮರಿಗಳೂ ಅದೃಷ್ಟದಿಂದ ಬಣ್ಣದ ಮೊಟ್ಟೆಯಿಡುವ ಸಂಭವ 64ರಲ್ಲಿ ಒಂದು, ಎಂಟಾದರೆ 256ರಲ್ಲಿ ಒಂದು. ಮೂರ್ನಾಲ್ಕು ಹೆಣ್ಣುಮರಿ ನೋಡಿ ತೀರ್ಪು ಕೊಡಲಾಗದು. ಅವು ಮೊಟ್ಟೆಗೆ ಬರಲು ಏಳು ತಿಂಗಳು ಬೇಕು. ಆದರೆ ನಾಟಿ ಹೇಂಟೆಗಳದು ಒಂಟಿ ಜುಟ್ಟಾಗಿದ್ದರೆ ಮರಿಗಳ ಜುಟ್ಟಿನಲ್ಲೇ ಸುಳಿವು ಮೊದಲ ದಿನವೇ ಸಿಗುತ್ತದೆ.

ಅಕ್ಟೋಬರಿನಲ್ಲಿ ಹಳದಿ ಉಂಗುರದ ಹುಂಜಕ್ಕೆ 17 ಮರಿಗಳಾದವು, ಹದಿನೇಳಕ್ಕೂ ಬಟಾಣಿ ಜುಟ್ಟು. ಕೆಂಪು ಉಂಗುರದ್ದಕ್ಕೆ ಹದಿನೈದು: ಒಂಬತ್ತು ಬಟಾಣಿ, ಆರು ಒಂಟಿ. ಅಷ್ಟಕ್ಕೇ ಕೆಂಪು ಉಂಗುರದ ಕತೆ ಮುಗಿದಿತ್ತು. ಆದರೂ ಮೊಟ್ಟೆಯ ಸಾಕ್ಷಿಯಿಲ್ಲದೆ ಬರೆಯಬಾರದೆಂದು ಎರಡೂ ಗುಂಪಿನ ಹೆಣ್ಣುಮರಿಗಳನ್ನು ಬೆಳೆಸಿದೆ. 2025ರ ಮೇ ಹೊತ್ತಿಗೆ ಹಳದಿ ಉಂಗುರದ ಎಂಟು ಹೆಣ್ಣುಮರಿಗಳೂ ತಿಳಿಹಸಿರು ಮೊಟ್ಟೆಯಿಟ್ಟವು, ಎಲ್ಲದರ ಒಳಮೈ ನೀಲಿ. ಕೆಂಪು ಉಂಗುರದ ಏಳರಲ್ಲಿ ಮೂರು ಹಸಿರು, ನಾಲ್ಕು ಕೆನೆಬಣ್ಣ.

ಕೆನೆಬಣ್ಣದ ನಾಲ್ಕರಲ್ಲಿ ಒಂದಕ್ಕೆ ಬಟಾಣಿ ಜುಟ್ಟಿತ್ತು, ಅದು ನನ್ನ ಲೆಕ್ಕಕ್ಕೆ ಕೂರಲಿಲ್ಲ. ಎರಡು ವಂಶವಾಹಿಗಳು ಅಪರೂಪಕ್ಕೆ ಬೇರ್ಪಡುವುದುಂಟು, ಇದು ಅದೇ ಇರಬಹುದೆಂದು ಮೊದಲು ಬರೆದುಕೊಂಡೆ. ಆಮೇಲೆ ಅದರ ತಾಯಿಯನ್ನು ಹಿಡಿದು ನೋಡಿದೆ. ಎಳೆಯದಿದ್ದಾಗ ಬೆಕ್ಕು ಕಚ್ಚಿ ಅದರ ಜುಟ್ಟು ಮುರುಟಿಹೋಗಿತ್ತು. ಆಕಾರವನ್ನು ಸರಿಯಾಗಿ ನೋಡದೆ ಒಂಟಿ ಜುಟ್ಟೆಂದು ಬರೆದದ್ದು ನನ್ನ ತಪ್ಪು. ದೊಡ್ಡಮ್ಮನನ್ನು ಕೇಳಿದರೆ, ಅದರ ತಾಯಿ ಕಾಳಗದ ಹುಂಜದ ಮರಿ ಎಂದರು. ಕಾಳಗದ ಅಸೀಲ್ ಕೋಳಿಗೂ ಬಟಾಣಿ ಜುಟ್ಟೇ, ಆದರೆ ನೀಲಿಯ ವಂಶವಾಹಿ ಇಲ್ಲ. ನಮ್ಮ ಸೀಮೆಯ ಊರುಗಳಲ್ಲಿ ನಾಟಿ ಕೋಳಿಗೆ ಅಸೀಲ್ ರಕ್ತ ಸೇರಿರುವುದು ಸಾಮಾನ್ಯ. ಈ ಪರೀಕ್ಷೆಯನ್ನು ಇಲ್ಲಿ ಮಾಡುವವರು ಪ್ರತಿ ನಾಟಿ ಹೇಂಟೆಯ ಜುಟ್ಟನ್ನೂ ಕೈಯಿಂದ ಮುಟ್ಟಿ ನೋಡಿ, ಗರಗಸದ ಹಲ್ಲು ಸ್ಪಷ್ಟವಾಗಿ ಇರುವವನ್ನೇ ಆರಿಸಬೇಕು.

ನಾಲ್ಕು ಹೇಂಟೆಗಳ ಪರೀಕ್ಷೆಯನ್ನು ಆ ಚಳಿಗಾಲದಲ್ಲೇ ಒಂಟಿ ಜುಟ್ಟಿನ ನಾಟಿ ಹುಂಜ ಬಿಟ್ಟು ಮಾಡಿದೆ. ಎರಡರ ಹತ್ತು ಹತ್ತು ಮರಿಗಳೂ ಬಟಾಣಿ ಜುಟ್ಟಿನವಾದವು. ಮೂರನೆಯದರ ಎರಡನೆಯ ಮರಿಯೇ ಒಂಟಿ ಜುಟ್ಟಿನದಾದ್ದರಿಂದ ಅದನ್ನು ಕೈಬಿಟ್ಟೆ. ನಾಲ್ಕನೆಯದಕ್ಕೆ ನಾಲ್ಕೇ ಮರಿಗಳಾಗುವಷ್ಟರಲ್ಲಿ ಬೇಸಿಗೆ ಬಂತು. ಏಪ್ರಿಲಿನ 39 ಡಿಗ್ರಿಯಲ್ಲಿ ಈ ತಳಿ ಕಷ್ಟಪಡುತ್ತದೆ. ಕೋಳಿ ತನ್ನ ಸೆಖೆಯನ್ನು ಜುಟ್ಟು, ಗಲ್ಲಗಳಿಂದ ಹೊರಹಾಕುತ್ತದೆ, ಇವಕ್ಕೆ ಜುಟ್ಟು ಸಣ್ಣದು, ಗಲ್ಲಕ್ಕೆ ಗರಿಯ ಹೊದಿಕೆ. ಮೊಟ್ಟೆ ಮೂರನೇ ಒಂದಕ್ಕೆ ಇಳಿಯಿತು, ಏದುಸಿರಿನಿಂದ ಚಿಪ್ಪೂ ತೆಳ್ಳಗಾಯಿತು. ಗೂಡಿನ ಪಡುವಣ ಬದಿಗೆ ಒದ್ದೆ ಗೋಣಿತಾಟು ಕಟ್ಟಿ, ಮೇವನ್ನು ಬೆಳಗಿನ ಆರಕ್ಕೂ ಸಂಜೆಯ ಆರಕ್ಕೂ ಬದಲಿಸಿ, ಮಡಕೆಯಲ್ಲಿ ತಣ್ಣೀರಿಟ್ಟು, ಸುಣ್ಣದ ಕಲ್ಲಿನ ಹರಳನ್ನು ಬೇರೆ ಬಟ್ಟಲಿನಲ್ಲಿ ಹಾಕಿದೆ. ಒಂದನ್ನೂ ಕಳೆದುಕೊಳ್ಳಲಿಲ್ಲ.

ಮೊಟ್ಟೆಯನ್ನು ಕೇಳಿಕೊಂಡು ಬರುವವರಿಗೆ ಒಂದು ಮಾತನ್ನು ಬಾಗಿಲಲ್ಲೇ ಹೇಳುತ್ತೇನೆ: ನೀಲಿ ಮೊಟ್ಟೆಯ ಒಳಗಿರುವುದು ಎಲ್ಲ ಮೊಟ್ಟೆಯ ಒಳಗಿರುವುದೇ, ಅದು ಔಷಧಿಯಲ್ಲ. ಕಡಕ್‌ನಾಥ್ ಕೋಳಿ ಕಪ್ಪು ಮೊಟ್ಟೆ ಇಡುತ್ತದೆಂದು ಹೇಳಿ ಮಾರಿದ್ದನ್ನು ನಾವು ನೋಡಿದ್ದೇವೆ. ಅದು ಇಡುವುದು ಕೆನೆಬಣ್ಣದ ಮೊಟ್ಟೆಯನ್ನು.

ಮಳೆ ಹಿಡಿದ ಮೇಲೆ, ಜುಲೈ ಮೊದಲ ವಾರದಲ್ಲಿ, ಪರೀಕ್ಷೆಯಲ್ಲಿ ಗೆದ್ದ ಎರಡು ಹೇಂಟೆಗಳನ್ನು ಹಳದಿ ಉಂಗುರದ ಹುಂಜದ ಜೊತೆ ಬೇರೆ ಗೂಡಿಗೆ ಬಿಟ್ಟೆ. ಕೆಂಪು ಉಂಗುರದ್ದು ದೊಡ್ಡಮ್ಮನ ಅಂಗಳದಲ್ಲಿದೆ, ಅದರ ಮರಿಗಳನ್ನು ಬೆರಕೆಯೆಂದು ಹೇಳಿಯೇ ಕೊಡುತ್ತೇವೆ. ನಾಲ್ಕನೆಯ ಹೇಂಟೆಗೆ ಇನ್ನೂ ಆರು ಮರಿಗಳ ಪರೀಕ್ಷೆ ಬಾಕಿ ಇದೆ. ಇವತ್ತಿಗೆ ಶುದ್ಧ ಜೋಡಿಯ ಹನ್ನೊಂದು ಮೊಟ್ಟೆಗಳು, ಪೆನ್ಸಿಲಿನ ಗುರುತಿನೊಂದಿಗೆ, ಕಾವು ಕೂತ ನಾಟಿ ಹೇಂಟೆಯ ಕೆಳಗೆ ಒಂಬತ್ತನೆಯ ದಿನದಲ್ಲಿವೆ. ನಾಳೆ ರಾತ್ರಿ ಟಾರ್ಚು ಹಿಡಿಯಬೇಕು.